ಕಿವಿಗಿಟ್ಟ ಫೋನು

"ಮಗಳಿಗೆ ಕೆಲಸ ಸಿಕ್ಕಿದೆ ಅಂತ ಫೋನ್ ಬರುತ್ತೆ. ಖುಷಿಪಡಿ, ಅಮ್ಮಾ," ಎಂದು ನಿರ್ದೇಶಕ ಕ್ಯಾಮೆರಾ ಹಿಂದೆ ಕುಳಿತ. ವರ್ಷವಿಡೀ ಏಜೆಂಟನ ಬೆನ್ನುಬಿದ್ದು ಟೀಚರಮ್ಮ ಗಿಟ್ಟಿಸಿದ ಮೊದಲ ಆಡಿಷನ್ ಇದು, ಸೋಪಿನ ಜಾಹೀರಾತಿನ ಅಮ್ಮನ ಪಾತ್ರಕ್ಕೆ. ನಟಿಸಲು ಅವರು ತಮ್ಮದೇ ಫೋನನ್ನು ಕಿವಿಗಿಡುವಷ್ಟರಲ್ಲಿ ಅದಕ್ಕೆ ನಿಜವಾಗಿಯೇ ಕರೆ ಬಂತು. ಗಾಬರಿಯಲ್ಲಿ ಬೆರಳು ತಾಗಿ ಕರೆ ಸ್ವೀಕಾರವಾಗಿಯೇಬಿಟ್ಟಿತು.

"ಅಕ್ಕಾ, ಸೋಪಿನ ಜಾಹೀರಾತಿನ ಅಮ್ಮನ ಪಾತ್ರ ಬೇರೆಯವ್ರಿಗೆ ಹೋಯ್ತಂತೆ. ಅಲ್ಲಿ ಕಾಯ್ಬೇಡಿ, ಮನೆಗೆ ಹೋಗಿ," ಎಂದ ಏಜೆಂಟ್.

ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಟೀಚರಮ್ಮ ನಗು ತಂದುಕೊಂಡು, ಬಾಯಿಪಾಠ ಮಾಡಿದ್ದ ಒಂದೇ ಮಾತನ್ನು ಹೇಳಿದರು: "ಹೌದಾ? ನಿಜವಾಗ್ಲೂನಾ?"

"ಸುಳ್ಳು ಯಾಕೆ ಹೇಳ್ಲಿ? ಇದ್ರಲ್ಲಿ ಖುಷಿಪಡೋದೇನಿದೆ, ಅಕ್ಕಾ?"

"ಕಟ್! ಆಹಾ, ಕಣ್ಣಲ್ಲಿ ನೀರು ಬೇರೆ! ಪಾತ್ರ ನಿಮ್ದೇ, ಅಮ್ಮಾ," ಎಂದ ನಿರ್ದೇಶಕ.

ಫೋನು ಇನ್ನೂ ಕಿವಿಯಲ್ಲೇ ಇತ್ತು. "ಹೌದಾ? ನಿಜವಾಗ್ಲೂನಾ?" ಎಂದರು ಟೀಚರಮ್ಮ. ಯಾರನ್ನು ಕೇಳಿದೆನೆಂದು ಅವರಿಗೇ ತಿಳಿಯಲಿಲ್ಲ.