ಸಂಜೆಯ ಕಾಪಿ

"ಅಳಿಸಲೇ?" ಎಂದು ಕಂಪ್ಯೂಟರ್ ಕೇಳಿತು. ದಿನವಿಡೀ ಅದರ ಪ್ರಶ್ನೆಗಳಿಂದ ರೋಸಿಹೋಗಿದ್ದ ಹಿರಿಯ ನಕ್ಷೆಗಾರರು, ಒಂದು ತಪ್ಪು ಗೆರೆಯ ಬಗ್ಗೆ ಕೇಳುತ್ತಿದೆಯೆಂದುಕೊಂಡು "ಹೌದು" ಒತ್ತಿಬಿಟ್ಟರು. ಮೂರು ವಾರ ಕೂತು ಬರೆದ ಮಕ್ಕಳ ಆಸ್ಪತ್ರೆಯ ನಕ್ಷೆ ಕಣ್ಣೆದುರೇ ಮಾಯವಾಯಿತು. ಮರುದಿನ ಬೆಳಿಗ್ಗೆ ಅದನ್ನು ಕಟ್ಟುವವರ ಕೈಗೆ ಕೊಡಬೇಕಿತ್ತು. ಅವರ ನಿವೃತ್ತಿಗೆ ಉಳಿದಿದ್ದುದು ಎರಡೇ ತಿಂಗಳು.

ಅವರ ಮುಖ ಕಂಡು ಪಕ್ಕದ ಮೇಜಿನ ಹುಡುಗಿ ಎದ್ದು ಬಂದಳು. ತಾವು ಮನೆಗೆ ಹೋದಮೇಲೆ ತಮ್ಮ ಕಂಪ್ಯೂಟರ್ ಮುಟ್ಟುತ್ತಾಳೆಂದು ಅವರು ಅವಳನ್ನು ಎಲ್ಲರೆದುರು ಬೈದು ವಾರವೂ ಆಗಿರಲಿಲ್ಲ. ಅವಳು ಬಗ್ಗಿ ಎರಡು ಕಡೆ ಒತ್ತಿದಳು. ಆಸ್ಪತ್ರೆ ಪರದೆಯ ಮೇಲೆ ಮತ್ತೆ ಎದ್ದು ನಿಂತಿತು, ಮಲಗಿದ ಮಗುವಿಗೂ ಹೊರಗೆ ಕಾಣಲೆಂದು ಅವರು ತಗ್ಗಿಸಿ ಬರೆದಿದ್ದ ಕಿಟಕಿಗಳ ಸಮೇತ.

"ನಿಮಗೂ ಇದಕ್ಕೂ ಆಗಿಬರಲ್ವಲ್ಲ ಸಾರ್, ಅದಕ್ಕೇ ದಿನಾ ಸಂಜೆ ಒಂದು ಕಾಪಿ ತೆಗೆದಿಡ್ತಿದ್ದೆ."

"ಅಷ್ಟು ಬೈದ್ನಲ್ಲಮ್ಮ, ಆಗಲೇ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಅದಕ್ಕೂ ಬೈತಿದ್ರಿ."

ಅವರಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಮೂವತ್ತು ವರ್ಷ ಯಾರಿಗೂ ಬಿಟ್ಟುಕೊಡದ ಕುರ್ಚಿಯಿಂದ ಎದ್ದು ಅದನ್ನು ಅವಳತ್ತ ತಳ್ಳಿದರು.

"ಕೂತ್ಕೋ ತಾಯಿ. ಕಾಪಿ ತೆಗೆಯೋದು ಹೇಗೆ ಅಂತ ನನಗೂ ಹೇಳಿಕೊಡು."