ಆರನೆಯ ರೇನ್‌ಕೋಟು

ಹೆಂಡತಿ ತಲೆ ಎಣಿಸುತ್ತಾ ಹತ್ತಿರ ಬಂದಾಗ ಅವನು ತಟ್ಟನೆ ಬಗ್ಗಿ, ಸರಿಯಾಗಿಯೇ ಇದ್ದ ಶೂ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಐದು... ಆರು. ಅಬ್ಬಾ, ಬಚಾವ್!" ಎಂದಳು. ಅವಳ ದನಿಯಲ್ಲಿದ್ದ ಖುಷಿಗೆ ಅವನ ಎದೆ ತುಂಬಿ ಬಂತು.

ಜಲಪಾತದ ಕಾಡಿನಲ್ಲಿ ಅವಳು ಮಾರ್ಗದರ್ಶಿ. ವಸಂತದ ಈ ಭಾನುವಾರದ ನಡಿಗೆ ಅವಳದೇ ಕನಸು. ಆರು ಜನ ಸೇರದೆ ಎರಡು ಸಲ ರದ್ದಾಗಿತ್ತು. ಈ ಸಲವೂ ಸೇರದಿದ್ದರೆ ನಡಿಗೆಯನ್ನೇ ಕೈಬಿಡುವುದಾಗಿ ಮೇಲಧಿಕಾರಿ ಹೇಳಿಬಿಟ್ಟಿದ್ದರು. ಅವಳ ಸಪ್ಪೆ ಮುಖ ನೋಡಲಾರದೆ ಅವನು ನಿನ್ನೆ ಗುಟ್ಟಾಗಿ ಕಚೇರಿಗೆ ಫೋನ್ ಮಾಡಿದ. ಐವರು ಹೆಸರು ಕೊಟ್ಟಿದ್ದರು. ಬಾಯಿಗೆ ಬಂದ ಹೆಸರೊಂದನ್ನು ಹೇಳಿ ಅವನು ಆರನೆಯವನಾದ.

ಬೆಳಿಗ್ಗೆ ಕ್ಷೌರಕ್ಕೆಂದು ಹೇಳಿ ಹೊರಬಿದ್ದಾಗ, ಪುಣ್ಯಕ್ಕೆ, ತುಂಬಿದ ಮನೆಯಲ್ಲಿ ಯಾರೂ ಕೆದಕಲಿಲ್ಲ. ಅಮ್ಮನಿಂದ ಹಿಡಿದು ತಮ್ಮನವರೆಗೆ ಎಲ್ಲರಿಗೂ ಅವರವರದೇ ಗಡಿಬಿಡಿ.

ವೇಷದ ಖರ್ಚೂ ಉಳಿಯಿತು. ನೀರಿನ ಎರಚಲಿಗೆಂದು ಗೇಟಿನಲ್ಲೇ ಎಲ್ಲರಿಗೂ ಟೋಪಿಯ ನೀಲಿ ರೇನ್‌ಕೋಟು, ಹೂವಿನ ಪರಾಗಕ್ಕೆಂದು ಮಾಸ್ಕು ಕೊಟ್ಟಿದ್ದರು. ಜೊತೆಗೆ ಅವನು ಕಪ್ಪು ಕನ್ನಡಕ ಏರಿಸಿದ್ದ. ಅದು ಮಂಜಾಗಿ ಮುಂದಿನವರ ಬೆನ್ನೂ ನೆಟ್ಟಗೆ ಕಾಣುತ್ತಿರಲಿಲ್ಲ.

ಆದರೆ ಉಳಿದ ಐವರದು ವಿಚಿತ್ರ ನಡವಳಿಕೆ. ಅವಳು ಮರಕುಟಿಗ ತೋರಿಸಿದರೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಕಪ್ಪೆಯ ಜೋಕು ಮುಗಿಯುವ ಮೊದಲೇ ಎಲ್ಲರೂ ಮಾಸ್ಕಿನೊಳಗೇ ಕುಲುಕಿ ಕುಲುಕಿ ನಕ್ಕರು. ವಾರವಿಡೀ ಊಟದ ಹೊತ್ತಿಗೆ ಕೇಳಿ ಅವನಿಗದು ಬಾಯಿಪಾಠವಾಗಿತ್ತು, ಸರಿ. ಇವರಿಗೇನಾಗಿತ್ತು? ಇವಳನ್ನು ಪರೀಕ್ಷಿಸಲು ಕಚೇರಿಯೇ ಕಳಿಸಿದ ಜನ ಎಂದುಕೊಂಡ. ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ.

ಏರುದಾರಿ ಬಂದಾಗ ಅವಳು ಏನೂ ಕೇಳದೆ, ಒಬ್ಬ ಹೆಂಗಸಿನ ಕೈಗೆ ಊರುಗೋಲು ಕೊಟ್ಟಳು. "ನಿಧಾನ. ಮಂಡಿ ಜೋಪಾನ."

ನೋಡಿದ ಕೂಡಲೇ ಮಂಡಿನೋವು ಗುರುತಿಸಿದಳಲ್ಲ! ಹೆಂಡತಿಯ ಚುರುಕುಗಣ್ಣಿಗೆ ಅವನು ಮನಸ್ಸಿನಲ್ಲೇ ಶಭಾಷ್ ಎಂದ.

ಜಲಪಾತದ ಬುಡದಲ್ಲಿ ಮೇಲಧಿಕಾರಿ ಕಾಯುತ್ತಿದ್ದರು. ತಾವೇ ಬೆರಳು ಮಾಡಿ ಎಣಿಸಿದರು.

"ಆರು ಜನ ಇದ್ದಾರೆ. ವಸಂತ ಮುಗಿಯೋವರೆಗೂ ನಡೀಲಿ ಬಿಡಮ್ಮ. ಪೇಪರಲ್ಲಿ ಜಾಹೀರಾತೂ ಹಾಕ್ಸೋಣ."

ಅವನಿಗೆ ಕುಣಿಯಬೇಕೆನಿಸಿತು. ಪಕ್ಕದ ರೇನ್‌ಕೋಟೊಂದು ಆಗಲೇ ಚಪ್ಪಾಳೆ ತಟ್ಟುತ್ತಿತ್ತು.

ಮೇಲಧಿಕಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಾದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಸಾಲಾಗಿ ನಿಂತ ಆರು ನೀಲಿ ರೇನ್‌ಕೋಟುಗಳ ಕಡೆ ತಿರುಗಿದಳು.

"ಅಲ್ಲಾ, ಆರೂ ಜನ ಇಲ್ಲೇ ಇದ್ದೀರಲ್ಲ, ಮನೆಗೆ ಬೀಗ ಹಾಕಿದ್ದು ಯಾರು?"