ಕೆಡವಿದ ಮೇಲೆ

ಗರಡಿಯ ಕೆಮ್ಮಣ್ಣಿಗೆ ಮಜ್ಜಿಗೆ ಸುರಿದು ಗುದ್ದಲಿಯಿಂದ ಕಲಸುತ್ತಲೇ ಮಗಳು ಮತ್ತೆ ಆ ಮಾತು ತೆಗೆದಳು.

“ಅಪ್ಪಾ, ನನಗ ಕುಸ್ತಿ ಕಲಿಸಿದ ಗುರು ಅಂತ ಆ ಒಪ್ಪಿಗಿ ಕಾಗದಕ್ಕ ನೀನ ಸಹಿ ಹಾಕಬೇಕು. ನನಗ ಮೂವತ್ತು ತುಂಬಿತು. ಫ್ರೀಸ್ಟೈಲ್ ಕುಸ್ತಿ ತಂಡದಾಗ ಇನ್ನ ಜಾಗ ಇಲ್ಲ. ಕುಸ್ತಿ, ಗುದ್ದಾಟ ಎಲ್ಲಾ ಕೂಡಿಸಿ ಆಡಸೋ ಆ ಎಂಎಂಎ ಕಂಪನಿಯವರು ಎಂಟು ತಿಂಗಳಿಂದ ಕಾಯಾಕತ್ತಾರ. ಈ ವಾರ ಕಾಗದ ಮುಟ್ಟಲಿಲ್ಲಂದ್ರ ಆ ಬಾಗಲಾನೂ ಮುಚ್ಚಿತು.”

“ಅಲ್ಲಿ ಪಂಜರದಾಗ ಕೆಡವಿದ ಮ್ಯಾಲೂ ಹೊಡೀಬೇಕು, ಶಿವಲೀಲಾ. ಅದು ನಿನ್ನ ಕಡಿಂದ ಆಗಂಗಿಲ್ಲ.”

“ಆಗತೈತಿ.”

“ಹಂಗಾರ ಬಾ. ನನ್ನ ಕೆಡವಿ ಹೊಡಿ. ಹೊಡದರ ಈಗಿಂದೀಗ ಸಹಿ ಹಾಕ್ತೀನಿ.”

ಒಂದೇ ಪಟ್ಟಿಗೆ ಮುದುಕನ ಎರಡೂ ಭುಜ ಮಣ್ಣಿಗೆ ತಾಗಿದವು. ಮಗಳು ಎದ್ದವಳೇ, ಅಭ್ಯಾಸದಂತೆ, ಅವನನ್ನು ಎಬ್ಬಿಸಲು ಕೈ ಚಾಚಿದಳು.

ಅಪ್ಪ ಬಿದ್ದಲ್ಲಿಂದಲೇ ನಕ್ಕ. “ನೋಡಿದಿ? ಗೆದ್ದಾಕಿ ಬಿದ್ದಾಕಿನ್ನ ಎಬ್ಬಸಬೇಕು ಅಂತ ನಾನ ಕಲಿಸೇನಿ. ಅಲ್ಲಿ ಹಿಂಗ ಕೈ ಕೊಟ್ಟರ ಆ ಕೈನ ಮುರೀತಾರ. ಹೋಗು, ಮಣ್ಣು ಕಲಸು.”

ಮರುಕ್ಷಣ ಅವಳು ಅವನ ಎದೆಯ ಮೇಲೆ ಕುಳಿತು ಮುಖಕ್ಕೆ ಗುದ್ದಿದಳು. ಒಂದಲ್ಲ, ಎರಡಲ್ಲ, ತನ್ನ ಅಳು ತನಗೇ ಕೇಳಿಸುವವರೆಗೆ.

ಅಪ್ಪ ಎದ್ದು ಬಾಯಿ ತೊಳೆದುಕೊಂಡ. ಕಾಗದಕ್ಕೆ ಸಹಿ ಹಾಕಿ, ಲಕೋಟೆಗೆ ಸೇರಿಸಿ ಹೊರಟ.

“ಬ್ಯಾಡಪ್ಪಾ, ನಾ ಹೋಗಂಗಿಲ್ಲ. ಅದನ್ನ ಕೊಡಿಲ್ಲಿ,” ಎನ್ನುತ್ತ ಅವಳು ಅಂಚೆ ಡಬ್ಬಿಯ ತನಕ ಅವನ ಹಿಂದೆಯೇ ಓಡಿದಳು.

“ಅಪ್ಪನ್ನ ಹೊಡದಾಕಿ ನೀ. ಇನ್ನ ಅಲ್ಲಿ ನಿನಗ ಯಾರೂ ಏನೂ ಮಾಡಾಕಾಗಂಗಿಲ್ಲವ್ವಾ,” ಎಂದು ಅವನು ಲಕೋಟೆಯನ್ನು ಒಳಗೆ ಬಿಟ್ಟ.